ಸಣ್ಣ ಎಂಜಿನ್‌ಗೆ ಯಾವ ಆಯಿಲ್ ಹಾಕಬೇಕು?



ಮೇವು ಕತ್ತರಿಸಲು, ಕರೆಂಟ್ ಹೋದಾಗ ಹಾಲು ಕರೆಯುವ ಯಂತ್ರ ನಡೆಸಲು, ನೇಪಿಯರ್ ಹುಲ್ಲು ಕೊಯ್ಯಲು ಈಗ ಹಲವು ಸದಸ್ಯರ ಮನೆಯಲ್ಲಿ ಸಣ್ಣ ಎಂಜಿನ್ ಇದೆ. ಕರೆಯುವ ಹೊತ್ತಿಗೆ ಅದು ಕೈಕೊಟ್ಟರೆ ಹಸುವೂ ಕಾಯುವುದಿಲ್ಲ, ಸಂಘದ ವೇಳೆಯೂ ಕಾಯುವುದಿಲ್ಲ. ಆಯಿಲ್ ಕೊಳ್ಳಲು ಹೋದರೆ ಅಂಗಡಿಯವರು ಸಾಧಾರಣ ಡಬ್ಬ ಮತ್ತು ಸಿಂಥೆಟಿಕ್ ಡಬ್ಬ ಎರಡನ್ನೂ ಮುಂದಿಡುತ್ತಾರೆ. ಸಿಂಥೆಟಿಕ್‌ಗೆ ಬೆಲೆ ಬಹಳ ಹೆಚ್ಚು. ಅಷ್ಟು ಹಣ ಕೊಡಬೇಕೇ?

ಸಾಧಾರಣ ಆಯಿಲ್ ಕಚ್ಚಾತೈಲವನ್ನು ಶುದ್ಧೀಕರಿಸಿದಾಗ ಸಿಗುವಂಥದು. ಸಿಂಥೆಟಿಕ್ ಆಯಿಲ್ ಅನ್ನು ರಾಸಾಯನಿಕ ಕ್ರಿಯೆಯಿಂದ ತಯಾರಿಸುತ್ತಾರೆ. ಅದರ ಕಣಗಳು ಹೆಚ್ಚು ಒಂದೇ ಸಮನಾಗಿರುತ್ತವೆ. ಹೀಗಾಗಿ ಅದು ಹೆಚ್ಚು ಕಾವಿನಲ್ಲಿ ಬೇಗ ಕೆಡುವುದಿಲ್ಲ, ತೀರ ಚಳಿಯಲ್ಲಿ ಗಟ್ಟಿಯಾಗುವುದಿಲ್ಲ. ಹಿಮ ಬೀಳುವ ನಾಡಿನಲ್ಲಿ ಈ ಎರಡನೆಯ ಗುಣಕ್ಕೆ ಬೆಲೆಯಿದೆ. ನಮ್ಮ ಬಯಲುಸೀಮೆಯಲ್ಲಿ ಅದರಿಂದ ಏನೂ ಲಾಭವಿಲ್ಲ. ಮೊದಲನೆಯ ಗುಣ ಮಾತ್ರ ನಮಗೂ ಬೇಕಾದದ್ದೇ. ಸಣ್ಣ ಎಂಜಿನ್ ಗಾಳಿಯಿಂದ ತಣಿಯುವಂಥದು. ಏಪ್ರಿಲ್ ಬಿಸಿಲಿನಲ್ಲಿ ತಗಡಿನ ಚಾವಣಿಯಡಿ ಗಂಟೆಗಟ್ಟಲೆ ಓಡಿದರೆ ಬಹಳ ಕಾಯುತ್ತದೆ.

ಆದರೆ ಒಂದು ತಪ್ಪು ತಿಳಿವಳಿಕೆ ಇದೆ. "ಸಿಂಥೆಟಿಕ್ ಹಾಕಿದ್ದೇನೆ, ಇನ್ನು ವರ್ಷಗಟ್ಟಲೆ ನೋಡಬೇಕಾಗಿಲ್ಲ" ಎಂದು ಭಾವಿಸಬೇಡಿ. ಕಾರಿನಲ್ಲಿರುವಂತೆ ಆಯಿಲ್ ಫಿಲ್ಟರ್ ಈ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಸವೆದ ಲೋಹದ ಪುಡಿ, ಮೇವಿನ ದೂಳು, ಉರಿಯದೆ ಇಳಿದ ಪೆಟ್ರೋಲು ಎಲ್ಲವೂ ಆಯಿಲ್‌ನಲ್ಲೇ ಉಳಿಯುತ್ತವೆ. ಡಬ್ಬ ಎಷ್ಟೇ ದುಬಾರಿಯಾದರೂ ಈ ಕೊಳೆಯನ್ನು ಅದು ಹೊರಹಾಕಲಾರದು. ಹೊರಹಾಕಬೇಕಾದವರು ನೀವೇ.

ಒಂದು ಲೆಕ್ಕ ಹಾಕೋಣ. ಸುಮಾರು 5 ಅಶ್ವಶಕ್ತಿಯ ನಾಲ್ಕು ಸ್ಟ್ರೋಕ್ ಪೆಟ್ರೋಲ್ ಎಂಜಿನ್‌ಗೆ ಹಿಡಿಯುವುದು ಸುಮಾರು 600 ಮಿಲಿಲೀಟರ್ ಮಾತ್ರ. ಹೊಸ ಎಂಜಿನ್ ಆದರೆ ಮೊದಲ 20 ಗಂಟೆಗೆ, ಅನಂತರ 100 ಗಂಟೆಗೆ ಅಥವಾ ಆರು ತಿಂಗಳಿಗೆ ಬದಲಿಸಬೇಕೆಂದು ಇಂಥ ಎಂಜಿನ್‌ಗಳ ಕೈಪಿಡಿಗಳು ಸಾಮಾನ್ಯವಾಗಿ ಹೇಳುತ್ತವೆ. ದಿನಕ್ಕೆ ಒಂದು ಗಂಟೆ ಓಡಿಸಿದರೆ ವರ್ಷಕ್ಕೆ ನಾಲ್ಕು ಸಲ, ಒಟ್ಟು ಎರಡೂವರೆ ಲೀಟರಿಗಿಂತ ಕಡಿಮೆ. ಹೀಗೆ ಗಂಟೆ ತಪ್ಪದೆ ಸಾಧಾರಣ ಆಯಿಲ್ ಬದಲಿಸುವವರ ಎಂಜಿನ್, ಸಿಂಥೆಟಿಕ್ ಹಾಕಿ ಮರೆತವರ ಎಂಜಿನ್‌ಗಿಂತ ಹೆಚ್ಚು ಕಾಲ ಬಾಳುತ್ತದೆ ಎಂಬುದು ನಮ್ಮ ಅಭಿಪ್ರಾಯ. ದಿನಕ್ಕೆ ಮೂರು ನಾಲ್ಕು ಗಂಟೆ ಭಾರದ ಕೆಲಸ ಇರುವವರು ಸಿಂಥೆಟಿಕ್ ಹಾಕಿದರೆ ಹಣ ವ್ಯರ್ಥವಲ್ಲ. ಬದಲಿಸುವ ಅವಧಿಯನ್ನು ಮಾತ್ರ ಹೆಚ್ಚಿಸಬಾರದು. ಒಂದರಿಂದ ಇನ್ನೊಂದಕ್ಕೆ ಬದಲಾಯಿಸುವುದರಿಂದ ಎಂಜಿನ್ ಕೆಡುವುದಿಲ್ಲ.

ಡಬ್ಬದ ಮೇಲೆ ನೋಡಬೇಕಾದದ್ದು ಮಂದತೆಯ ಅಂಕಿ. ಕೈಪಿಡಿ 10ಡಬ್ಲ್ಯೂ-30 ಎಂದರೆ ಅದನ್ನೇ ಕೇಳಿ, ಎಸ್.ಎ.ಇ. 30 ಎಂದರೆ ಅದನ್ನು. ಡೀಸೆಲ್ ಎಂಜಿನ್‌ಗೆ ಡೀಸೆಲ್‌ಗೆಂದೇ ಇರುವ ದರ್ಜೆ. ಹಾಲು ಕರೆಯುವ ಯಂತ್ರದ ನಿರ್ವಾತ ಪಂಪಿಗೆ ಎಂಜಿನ್ ಆಯಿಲ್ ಸುರಿಯಬೇಡಿ, ತಯಾರಕರು ಹೇಳಿದ ಪಂಪಿನ ಆಯಿಲ್ಲೇ ಬೇಕು.

ಹುಲ್ಲು ಕೊಯ್ಯುವ ಎರಡು ಸ್ಟ್ರೋಕ್ ಯಂತ್ರದ ಮಾತು ಬೇರೆ. ಅದರಲ್ಲಿ ಆಯಿಲ್ ಪೆಟ್ರೋಲಿನ ಜೊತೆಗೇ ಉರಿದುಹೋಗುತ್ತದೆ. 50ಕ್ಕೆ 1 ಎಂದಿದ್ದರೆ ಲೀಟರ್ ಪೆಟ್ರೋಲಿಗೆ 20 ಮಿಲಿಲೀಟರ್, 25ಕ್ಕೆ 1 ಎಂದಿದ್ದರೆ 40. ಕಣ್ಣಂದಾಜು ಬೇಡ, ಅಳೆದು ಹಾಕಿ. ಇಲ್ಲಿ ಜಾಸೋ ಎಫ್.ಡಿ. ದರ್ಜೆಯ ಒಳ್ಳೆಯ ಆಯಿಲ್‌ಗೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಹೊಗೆ ಮತ್ತು ಮಸಿ ಕಡಿಮೆ.

ಆಯಿಲ್ ಬದಲಿಸುವಾಗ ಎಂಜಿನ್ ಸ್ವಲ್ಪ ಬೆಚ್ಚಗಿರಲಿ, ಆಗ ಕೊಳೆ ಸಮೇತ ಪೂರ್ತಿ ಇಳಿಯುತ್ತದೆ. ಮಟ್ಟ ನೋಡುವಾಗ ಎಂಜಿನ್ ನಿಂತಿರಲಿ, ಸಮನಾದ ನೆಲದ ಮೇಲಿರಲಿ. ಏರ್ ಫಿಲ್ಟರ್‌ನ ದೂಳನ್ನೂ ಅದೇ ದಿನ ತೆಗೆಯಿರಿ. ತೆಗೆದ ಹಳೆಯ ಆಯಿಲನ್ನು ಉಣ್ಣೆಗೆಂದೋ ಗಾಯಕ್ಕೆಂದೋ ಹಸುವಿನ ಮೈಗೆ ಹಚ್ಚುವ ರೂಢಿ ಕೆಲವೆಡೆ ಇನ್ನೂ ಇದೆ. ಅದರಲ್ಲಿ ಲೋಹದ ಪುಡಿಯೂ ಉರಿದ ವಿಷವಸ್ತುಗಳೂ ಇರುತ್ತವೆ; ಹಸು ಮೈ ನೆಕ್ಕಿಕೊಂಡರೆ ಹೊಟ್ಟೆಗೆ ಹೋಗುತ್ತದೆ. ಉಣ್ಣೆಗೆ ಪಶುವೈದ್ಯರನ್ನು ಕೇಳಿ. ಹಳೆಯ ಆಯಿಲನ್ನು ಮುಚ್ಚಳವಿರುವ ಡಬ್ಬದಲ್ಲಿ ಮೇವಿನಿಂದ ದೂರವಿಟ್ಟು, ಅದನ್ನು ಕೊಳ್ಳುವ ಗ್ಯಾರೇಜಿಗೆ ಕೊಡಿ.