ಕಂಪ್ಯೂಟರಿಗೆ ಜ್ವರ ಬಂದಾಗ

ಮಕ್ಕಳೇ, ನಿಮ್ಮ ಶಾಲೆಯ ಕಂಪ್ಯೂಟರ್ ಶುರುವಾದ ಹತ್ತು ಹದಿನೈದು ನಿಮಿಷಗಳಲ್ಲೇ ತಾನಾಗಿ ನಿಂತುಹೋಗುತ್ತಿದೆಯೇ? ಒಳಗಿನ ಫ್ಯಾನ್ ಜೋರಾಗಿ ಸದ್ದು ಮಾಡುತ್ತಿದೆಯೇ? ಹಾಗಾದರೆ ಅದರ ಪ್ರೊಸೆಸರ್ ಅತಿಯಾಗಿ ಬಿಸಿಯಾಗುತ್ತಿರಬಹುದು. ಸುಟ್ಟುಹೋಗದಿರಲೆಂದು ಅದು ತಾನೇ ಕೆಲಸ ನಿಲ್ಲಿಸುತ್ತದೆ. ಕೂಡಲೇ ಹೊಸದನ್ನು ಕೊಳ್ಳಬೇಕಾಗಿಲ್ಲ. ಮೊದಲು ಕಾರಣ ತಿಳಿಯೋಣ.

ಬಿಸಿ ಏಕೆ?

ಪ್ರೊಸೆಸರ್ ಎಂದರೆ ಲೆಕ್ಕ ಮಾಡುವ ಸಿಲಿಕಾನ್ ಚಿಪ್. 1971ರ ಇಂಟೆಲ್ 4004 ಚಿಪ್‌ನಲ್ಲಿ ಸುಮಾರು 2,300 ಟ್ರಾನ್ಸಿಸ್ಟರ್‌ಗಳಿದ್ದವು. 2000ದಲ್ಲಿ ಬಂದ ಪೆಂಟಿಯಂ 4ರಲ್ಲಿ 4 ಕೋಟಿ 20 ಲಕ್ಷ! ಹೆಬ್ಬೆರಳಿನ ಉಗುರಿನಷ್ಟು ಜಾಗದಲ್ಲಿ ಸುಮಾರು 50 ವ್ಯಾಟ್ ಶಾಖ ಹುಟ್ಟುತ್ತಿತ್ತು. ಈ ಶಾಖ ಹೊರಹೋಗಲೇಬೇಕು. ಅದಕ್ಕಾಗಿ ಚಿಪ್ಪಿನ ಮೇಲೆ ತೆಳು ರೆಕ್ಕೆಗಳುಳ್ಳ ಲೋಹದ ‘ಹೀಟ್ ಸಿಂಕ್’, ಅದರ ಮೇಲೆ ಫ್ಯಾನ್ ಇರುತ್ತವೆ.

ಮಾಡಿ ನೋಡಿ

ಒಂದೇ ಅಳತೆಯ ಎರಡು ಸ್ಟೀಲ್ ಲೋಟಗಳಿಗೆ ಹಿರಿಯರಿಂದ ಸಮನಾಗಿ ಬಿಸಿನೀರು ಹಾಕಿಸಿ. ಒಂದಕ್ಕೆ ಒಣ ಟವೆಲ್ ಸುತ್ತಿ. ಎರಡಕ್ಕೂ ತಟ್ಟೆ ಮುಚ್ಚಿ. ಇಪ್ಪತ್ತು ನಿಮಿಷದ ಬಳಿಕ ಯಾವ ನೀರು ಹೆಚ್ಚು ಬಿಸಿಯಾಗಿದೆ? ಟವೆಲ್ ಸುತ್ತಿದ್ದು. ಬಟ್ಟೆಯ ಎಳೆಗಳಲ್ಲಿ ಸಿಕ್ಕಿಕೊಂಡ ಗಾಳಿ ಶಾಖವನ್ನು ಸುಲಭವಾಗಿ ಬಿಡುವುದಿಲ್ಲ. ತಾಮ್ರವು ನಿಶ್ಚಲ ಗಾಳಿಗಿಂತ ಸುಮಾರು 15,000 ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ.

ರೆಕ್ಕೆಗಳ ನಡುವೆ ಕುಳಿತ ಧೂಳೂ ಹೀಗೆಯೇ. ಅದು ಪ್ರೊಸೆಸರಿಗೆ ಹೊದಿಸಿದ ಕಂಬಳಿ!

ಕಡಿಮೆ ಖರ್ಚಿನ ಚಿಕಿತ್ಸೆ

(ಶಿಕ್ಷಕರ ಜೊತೆಯಲ್ಲಿ ಮಾತ್ರ)

1. ಕಂಪ್ಯೂಟರ್ ನಿಲ್ಲಿಸಿ, ಪ್ಲಗ್ ಕಿತ್ತು, ತಣ್ಣಗಾಗಲು ಬಿಡಿ.

2. ಮುಚ್ಚಳ ತೆಗೆದು, ಒಣಗಿದ ಮೃದು ಬ್ರಷ್‌ನಿಂದ ಧೂಳು ತೆಗೆಯಿರಿ. ಆಗ ಫ್ಯಾನ್ ತಿರುಗದಂತೆ ಬೆರಳಿನಿಂದ ಹಿಡಿದಿರಿ. ಒದ್ದೆ ಬಟ್ಟೆ ಬೇಡ. ವಿದ್ಯುತ್ ಪೂರೈಸುವ ಪೆಟ್ಟಿಗೆಯನ್ನು ಬಿಚ್ಚಲೇಬಾರದು.

3. ಮುಚ್ಚಳ ಹಾಕಿ ಚಾಲೂ ಮಾಡಿ. ಹಿಂದಿನ ಕಿಂಡಿಗಳು ಗೋಡೆಗೆ ಅಂಟಿರದಂತೆ ಇಡಿ.

ಇನ್ನೂ ಬಿಸಿಯೇ? ಚಿಪ್ ಮತ್ತು ಹೀಟ್ ಸಿಂಕ್‌ಗಳ ನಡುವೆ ಹಚ್ಚಿದ ‘ಥರ್ಮಲ್ ಪೇಸ್ಟ್’ ಒಣಗಿರಬಹುದು. ನುಣುಪಾಗಿ ಕಂಡರೂ ಲೋಹದ ಮೈಯಲ್ಲಿ ಸೂಕ್ಷ್ಮ ಗುಳಿಗಳಿರುತ್ತವೆ. ಅಲ್ಲಿ ಗಾಳಿ ನಿಲ್ಲದಂತೆ ಪೇಸ್ಟ್ ತುಂಬಿಕೊಳ್ಳುತ್ತದೆ. ತಿಳಿದವರಿಂದ ಹಳೆಯದನ್ನು ಒರೆಸಿಸಿ, ಬಟಾಣಿ ಕಾಳಿಗಿಂತ ಹೆಚ್ಚಾಗದಷ್ಟು ಹೊಸ ಪೇಸ್ಟ್ ಹಾಕಿಸಿ. ಹೆಚ್ಚು ಹಾಕಿದರೆ ಪೇಸ್ಟ್ ಪದರವೇ ದಪ್ಪವಾಗಿ ಶಾಖಕ್ಕೆ ಅಡ್ಡಿಯಾಗುತ್ತದೆ. ಫ್ಯಾನ್ ತಿರುಗದಿದ್ದರೆ ಫ್ಯಾನ್ ಒಂದನ್ನೇ ಬದಲಿಸಿದರೆ ಸಾಕು.

ಯೋಚಿಸಿ: ಮೋಟಾರ್ ಸೈಕಲ್ಲಿನ ಎಂಜಿನ್ ಮೇಲೂ ಲೋಹದ ರೆಕ್ಕೆಗಳಿರುತ್ತವೆ. ಅವು ಕೆಸರಿನಿಂದ ಮುಚ್ಚಿಹೋದರೆ ಏನಾಗಬಹುದು?