ಎಣ್ಣೆ ಬಿದ್ದ ಮಣ್ಣಿನೊಳಗೆ ಏನಾಗುತ್ತದೆ?

ಪಂಪ್‌ಸೆಟ್ ಶೆಡ್ಡಿನ ಎದುರು, ಟಿಲ್ಲರ್ ನಿಲ್ಲಿಸುವ ಜಾಗದಲ್ಲಿ ಜಿಡ್ಡುಗಟ್ಟಿ ಕಪ್ಪಾದ ನೆಲವನ್ನು ನಾವೆಲ್ಲರೂ ನೋಡಿದ್ದೇವೆ. ಅಲ್ಲಿ ಹುಲ್ಲು ಕೂಡ ಹುಟ್ಟುವುದಿಲ್ಲ. ಮಳೆ ಬಂದರೆ ನೀರು ಇಂಗದೆ ಮೇಲಿಂದಲೇ ಹರಿದು ಹೋಗುತ್ತದೆ. "ಒಂದಿಷ್ಟು ಆಯಿಲ್ ತಾನೇ, ಏನಾಗುತ್ತೆ?" ಅಂತ ಸುಮ್ಮನಿರುತ್ತೇವೆ. ಏನಾಗುತ್ತದೆ ಎಂಬುದನ್ನು ಈ ಪಾಠದಲ್ಲಿ ತಿಳಿಯೋಣ.

ಒಂದು ಚಮಚ ಒಳ್ಳೆಯ ಮಣ್ಣಿನಲ್ಲಿ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳಿರುತ್ತವೆ. ಕಸಕಡ್ಡಿಯನ್ನು ಕೊಳೆಸಿ ಬೆಳೆಗೆ ಆಹಾರ ಒದಗಿಸುವುದು ಇವುಗಳ ಕೆಲಸ. ಎಣ್ಣೆ ಬಿದ್ದಾಗ ಇವುಗಳಲ್ಲಿ ಮೂರು ಬದಲಾವಣೆಗಳಾಗುತ್ತವೆ.

1. ಎಣ್ಣೆ ಮಣ್ಣಿನ ಸಂದುಗಳನ್ನು ಮುಚ್ಚುವುದರಿಂದ ಗಾಳಿ, ನೀರು ಒಳಗೆ ಹೋಗುವುದಿಲ್ಲ. ಎಣ್ಣೆಯ ಕೆಲವು ಅಂಶಗಳು ವಿಷವೂ ಹೌದು. ಹೀಗಾಗಿ ಅನೇಕ ಜೀವಿಗಳು ಸಾಯುತ್ತವೆ.

2. ಸ್ಯೂಡೋಮೊನಾಸ್, ರೋಡೋಕಾಕಸ್ ಮುಂತಾದ ಕೆಲವು ಬ್ಯಾಕ್ಟೀರಿಯಾಗಳಿಗೆ ಎಣ್ಣೆಯೇ ಊಟ! ಮೊದಲು ಸ್ವಲ್ಪವೇ ಇದ್ದ ಇವು ಈಗ ಬೇಗ ಬೇಗ ಹೆಚ್ಚುತ್ತವೆ. ಎಣ್ಣೆಯನ್ನು ಒಡೆದು, ಕೊನೆಗೆ ಇಂಗಾಲದ ಡೈಆಕ್ಸೈಡ್ ಮತ್ತು ನೀರಾಗಿ ಮಾಡುತ್ತವೆ.

3. ಎಣ್ಣೆಯಲ್ಲಿ ಇಂಗಾಲ ಬೇಕಾದಷ್ಟಿದೆ, ಆದರೆ ಸಾರಜನಕ, ರಂಜಕ ಇಲ್ಲವೆನ್ನುವಷ್ಟು ಕಡಿಮೆ. ಈ ಜೀವಿಗಳು ಅವನ್ನು ಮಣ್ಣಿನಿಂದಲೇ ಎಳೆದುಕೊಳ್ಳುತ್ತವೆ. ಆಗ ಬೆಳೆಗೆ ಪಾಲು ಸಿಗದೆ ಎಲೆ ಹಳದಿಯಾಗುತ್ತದೆ. ಸಾರಜನಕ ಮುಗಿದರೆ ಎಣ್ಣೆ ತಿನ್ನುವ ಕೆಲಸವೂ ನಿಧಾನವಾಗುತ್ತದೆ.

ಇದಕ್ಕೆ ಒಂದು ದೊಡ್ಡ ಉದಾಹರಣೆಯಿದೆ. 1989ರ ಮಾರ್ಚ್ 24ರಂದು ಅಮೆರಿಕದ ಅಲಾಸ್ಕದಲ್ಲಿ ಎಕ್ಸಾನ್ ವಾಲ್ಡೆಜ್ ಎಂಬ ಹಡಗು ಬಂಡೆಗೆ ಬಡಿದು ಸುಮಾರು 4 ಕೋಟಿ ಲೀಟರ್ ಕಚ್ಚಾ ತೈಲ ಸಮುದ್ರಕ್ಕೆ ಸೇರಿತು. ಅಲ್ಲಿನ ದಡಗಳಿಗೆ ಸಾರಜನಕ, ರಂಜಕದ ಗೊಬ್ಬರ ಹಾಕಿದರು. ಅಲ್ಲೇ ಇದ್ದ ಬ್ಯಾಕ್ಟೀರಿಯಾಗಳು ಚುರುಕಾಗಿ ತೈಲವನ್ನು ಬೇಗ ಕರಗಿಸಿದವು. ಆದರೆ ಗಾಳಿಯಾಡದ ಕೆಳಪದರದಲ್ಲಿ ಸಿಕ್ಕಿಕೊಂಡ ತೈಲ ಹತ್ತು ವರ್ಷಗಳ ಮೇಲೂ ಹಾಗೇ ಸಿಕ್ಕಿತು. ಅಂದರೆ ಈ ಜೀವಿಗಳಿಗೆ ಗೊಬ್ಬರವೂ ಬೇಕು, ಗಾಳಿಯೂ ಬೇಕು.

ನಾವೇನು ಮಾಡಬಹುದು?

* ಸ್ವಲ್ಪ ಡೀಸೆಲ್ ಚೆಲ್ಲಿದ್ದರೆ ಆ ಮಣ್ಣನ್ನು ಒಂದು ಗೇಣು ಆಳ ಅಗೆದು ಸಡಿಲ ಮಾಡಿ. ಚೆನ್ನಾಗಿ ಕಳಿತ ಹಟ್ಟಿಗೊಬ್ಬರ ಬೆರೆಸಿ. ಹಸಿ ಇರಲಿ, ನೀರು ನಿಲ್ಲದಿರಲಿ. ಆಗಾಗ ತಿರುವಿ ಹಾಕಿ. ತಿಂಗಳುಗಟ್ಟಲೆ ತಾಳ್ಮೆ ಬೇಕು.

* ಹಳೆ ಎಂಜಿನ್ ಆಯಿಲ್ ಮಾತ್ರ ಬೇರೆ. ಅದು ಕೊಳೆಯುವುದು ಬಲು ನಿಧಾನ. ಅದರಲ್ಲಿರುವ ಸೀಸ, ಸತುವಿನಂಥ ಲೋಹಗಳನ್ನು ಯಾವ ಬ್ಯಾಕ್ಟೀರಿಯಾವೂ ಇಲ್ಲವಾಗಿಸಲಾರದು. ಅಂಥ ಜಾಗದಲ್ಲಿ ತರಕಾರಿ ಬೆಳೆಯಬೇಡಿ.

* ಗೆದ್ದಲು ಬರಬಾರದು ಅಂತ ಹಳೆ ಆಯಿಲನ್ನು ಬುಡಕ್ಕೆ ಸುರಿಯುವುದನ್ನು ಬಿಡೋಣ. ಬಾವಿ, ತೋಡಿನ ಬದಿಯಲ್ಲಂತೂ ಬೇಡವೇ ಬೇಡ. 2016ರ ನಿಯಮದ ಪ್ರಕಾರ ಇದು ಅಪಾಯಕಾರಿ ತ್ಯಾಜ್ಯ. ಮುಚ್ಚಳವಿರುವ ಕ್ಯಾನಿನಲ್ಲಿ ಕೂಡಿಸಿಟ್ಟು, ಪರವಾನಗಿ ಇರುವವರಿಗೇ ಕೊಡಿ.

ಸಂಘದ ಸಭೆಯಲ್ಲಿ ಚರ್ಚಿಸಿ: ನಮ್ಮ ಊರಿನ ಹಳೆ ಆಯಿಲ್ ಎಲ್ಲಿಗೆ ಹೋಗುತ್ತಿದೆ? ನಮ್ಮ ಪಂಪ್ ಶೆಡ್ಡಿಗೂ ಕುಡಿಯುವ ನೀರಿನ ಬಾವಿಗೂ ಎಷ್ಟು ದೂರವಿದೆ?

ಮಣ್ಣು ತನ್ನನ್ನು ತಾನೇ ಸರಿಮಾಡಿಕೊಳ್ಳಬಲ್ಲದು, ನಿಜ. ಆದರೆ ಒಂದು ನಿಮಿಷದಲ್ಲಿ ನಾವು ಚೆಲ್ಲಿದ್ದನ್ನು ತೊಳೆಯಲು ಅದಕ್ಕೆ ವರ್ಷಗಳೇ ಬೇಕಾಗಬಹುದು.