ದುಡಿಮೆ ಬಿಡದೆ ಬಿಸಿನೆಸ್ ಸ್ಕೂಲಿಗೆ ಅರ್ಜಿ: ಕುಟುಂಬದ ಉದ್ದಿಮೆಗಳು ಗಮನಿಸಬೇಕಾದದ್ದು

ಪೀಣ್ಯದಲ್ಲೋ ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲೋ ಒಂದು ಸಣ್ಣ ಕಾರ್ಖಾನೆ ಇದೆ ಎನ್ನೋಣ. ಮಾಲೀಕರ ಮಗ ಇಂಜಿನಿಯರಿಂಗ್ ಮುಗಿಸಿ ಐದು ವರ್ಷಗಳಿಂದ ಅಲ್ಲಿಯೇ ದುಡಿಯುತ್ತಿದ್ದಾನೆ. ಕಚ್ಚಾಮಾಲಿನ ಖರೀದಿ, ಬಾಕಿ ವಸೂಲಿ, ಬ್ಯಾಂಕಿನ ಓಡಾಟ ಎಲ್ಲವೂ ಅವನದೇ. ಆದರೆ ಸಂಬಳದ ಪಟ್ಟಿಯಲ್ಲಿ ಅವನ ಹೆಸರಿಲ್ಲ. ಮನೆಯ ಹುಡುಗನಿಗೆ ಸಂಬಳವೇಕೆ ಎಂಬುದು ನಮ್ಮಲ್ಲಿ ಬೆಳೆದು ಬಂದ ರೂಢಿ. ಆತ ಉನ್ನತ ವ್ಯವಹಾರ ಶಿಕ್ಷಣಕ್ಕೆ ಅರ್ಜಿ ಹಾಕುವ ದಿನ ಈ ಐದು ವರ್ಷಗಳ ದುಡಿಮೆ ಕಾಗದದ ಮೇಲೆ ಸೊನ್ನೆಯಾಗಿ ನಿಲ್ಲುತ್ತದೆ.

ಮೊದಲು ತೀರ್ಮಾನಿಸಬೇಕಾದದ್ದು ಕೆಲಸ ಬಿಟ್ಟು ಓದುವುದೋ, ಮಾಡುತ್ತಲೇ ಓದುವುದೋ ಎಂಬುದನ್ನು. ಬೆಂಗಳೂರಿನ ಭಾರತೀಯ ವ್ಯವಸ್ಥಾಪನ ಸಂಸ್ಥೆಯು ನೌಕರಿಯಲ್ಲಿರುವವರಿಗಾಗಿ ವಾರಾಂತ್ಯದ ಶಿಕ್ಷಣಕ್ರಮವೊಂದನ್ನು ನಡೆಸುತ್ತದೆ. 1998ರಲ್ಲಿ ಸಾಫ್ಟ್‌ವೇರ್ ಉದ್ಯಮದವರನ್ನು ಉದ್ದೇಶಿಸಿ ಆರಂಭವಾದ ಇದು ಅನಂತರ ಇತರ ಕ್ಷೇತ್ರಗಳವರಿಗೂ ತೆರೆದುಕೊಂಡಿತು. ಇಂದು ಪಿಜಿಪಿಇಎಂ ಎಂದು ಹೆಸರು. ಇದೇ ಸಂಸ್ಥೆಯ ಇಪಿಜಿಪಿ ಒಂದು ವರ್ಷದ ಪೂರ್ಣಾವಧಿ ಶಿಕ್ಷಣ. ಹೈದರಾಬಾದಿನಲ್ಲಿ 2001ರಲ್ಲಿ ಪ್ರಾರಂಭವಾದ ಇಂಡಿಯನ್ ಸ್ಕೂಲ್ ಆಫ್ ಬಿಸಿನೆಸ್‌ನ ಮುಖ್ಯ ಶಿಕ್ಷಣಕ್ರಮವೂ ಅಂಥದ್ದೇ. ಈ ಎರಡಕ್ಕೂ ಒಂದು ವರ್ಷ ಅಂಗಡಿಯಿಂದ ದೂರವಿರಬೇಕು. ವಸೂಲಿಯೆಲ್ಲ ಒಬ್ಬನ ಕೈಯಲ್ಲಿರುವ ಸಂಸ್ಥೆಗೆ ಇದು ಸಣ್ಣ ಮಾತಲ್ಲ.

ಪರೀಕ್ಷೆಯ ಆಯ್ಕೆಯನ್ನು ವ್ಯಾಪಾರದ ಪಂಚಾಂಗ ನೋಡಿಯೇ ಮಾಡುವುದು ಲೇಸು. ಕ್ಯಾಟ್ ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ನವೆಂಬರ್ ಕೊನೆಯ ವಾರದಲ್ಲಿ ನಡೆಯುತ್ತದೆ. ಸಿದ್ಧತೆಯ ಮುಖ್ಯ ತಿಂಗಳುಗಳಿಗೆ ತೆರಿಗೆ ಲೆಕ್ಕಪರಿಶೋಧನೆ, ದಸರಾ, ದೀಪಾವಳಿ ಎಲ್ಲವೂ ಬಂದು ಎದುರಾಗುತ್ತವೆ. ಜಿಮ್ಯಾಟ್ ಹಾಗಲ್ಲ. ವರ್ಷದುದ್ದಕ್ಕೂ ದಿನಾಂಕ ದೊರೆಯುತ್ತದೆ, ಅಂಕ ಐದು ವರ್ಷ ಊರ್ಜಿತ. ವ್ಯಾಪಾರ ಮಂದವಾಗಿರುವ ಆಷಾಢದಲ್ಲಿ ಕುಳಿತು ಬರೆಯಬಹುದು. 2023ರ ನವೆಂಬರಿನಲ್ಲಿ ಬಂದ ಹೊಸ ಸ್ವರೂಪದಲ್ಲಿ ಪ್ರಬಂಧ ಬರವಣಿಗೆ ಇಲ್ಲ. ತಲಾ 45 ನಿಮಿಷಗಳ ಮೂರು ವಿಭಾಗಗಳಿವೆ. ಅವುಗಳಲ್ಲೊಂದು ಕೋಷ್ಟಕ, ನಕ್ಷೆಗಳನ್ನು ಓದಿ ನಿರ್ಣಯಿಸುವುದು. ದಿನವೂ ದಾಸ್ತಾನು ಪಟ್ಟಿ ನೋಡುವವರಿಗೆ ಇದು ತೀರ ಅಪರಿಚಿತವಲ್ಲ. ಎಲ್ಲ ಶಿಕ್ಷಣಕ್ರಮಗಳೂ ಎರಡೂ ಪರೀಕ್ಷೆಗಳನ್ನು ಒಪ್ಪುವುದಿಲ್ಲವಾದ್ದರಿಂದ ಆಯಾ ವರ್ಷದ ಪ್ರಕಟಣೆಯನ್ನು ಓದಿಯೇ ಮುಂದುವರಿಯತಕ್ಕದ್ದು.

ಕ್ಯಾಟ್ ಫಲಿತಾಂಶದಲ್ಲಿನ 95 ಪರ್ಸೆಂಟೈಲ್ ಎಂದರೆ ನೂರಕ್ಕೆ 95 ಅಂಕವೆಂದು ತಿಳಿಯುವ ಹಿರಿಯರಿದ್ದಾರೆ. ಅದರ ಅರ್ಥ, ಬರೆದ ಪ್ರತಿ ನೂರು ಜನರಲ್ಲಿ ಸುಮಾರು 95 ಮಂದಿ ಈತನಿಗಿಂತ ಹಿಂದೆ ಇದ್ದಾರೆ ಎಂದು. ಆಯ್ಕೆಯ ಪ್ರಶ್ನೆಗಳಲ್ಲಿ ಸರಿಯುತ್ತರಕ್ಕೆ ಮೂರು ಅಂಕ ಕೊಟ್ಟು, ತಪ್ಪಿಗೆ ಒಂದನ್ನು ಕಳೆಯುತ್ತಾರೆ. ಬಾರದ ಪ್ರಶ್ನೆಯನ್ನು ಬಿಡುವುದೂ ಕಲಿಯಬೇಕಾದ ವಿದ್ಯೆಯೇ. ದುಡಿಯುವವರಿಗೆ ದಿನಕ್ಕೆ ಒಂದೂವರೆ ಗಂಟೆ, ಅದೂ ಬೆಳಗಿನ ಹೊತ್ತು, ಮತ್ತು ಭಾನುವಾರಕ್ಕೊಂದು ಪೂರ್ಣ ಮಾದರಿ ಪರೀಕ್ಷೆ ಸಾಧ್ಯವಾದೀತು. ಜಿಎಸ್‌ಟಿ ವಿವರ ಸಲ್ಲಿಸುವ ದಿನಗಳನ್ನು ಓದಿನ ವೇಳಾಪಟ್ಟಿಯಿಂದ ಮೊದಲೇ ತೆಗೆದುಬಿಡುವುದು ಪ್ರಾಮಾಣಿಕತೆ.

ಇನ್ನು ದಾಖಲೆಗಳ ವಿಚಾರ. ಇಲ್ಲಿಯೇ ಕುಟುಂಬದ ಸಂಸ್ಥೆಗಳು ಎಡವುವುದು. ಅನುಭವವನ್ನು ಸಾಬೀತುಪಡಿಸಲು ನೇಮಕಾತಿ ಪತ್ರ, ವೇತನ ಚೀಟಿ, ಬ್ಯಾಂಕಿನ ಮೂಲಕ ಸಂಬಳ ಸಂದಾಯವಾದ ವಿವರ, ಭವಿಷ್ಯ ನಿಧಿ ಅನ್ವಯಿಸುವಲ್ಲಿ ಅದರ ಖಾತೆ, ಆದಾಯ ತೆರಿಗೆ ವಿವರಣೆ ಇವು ಬೇಕಾಗುತ್ತವೆ. ಪಾಲುದಾರನಾಗಿದ್ದರೆ ಪಾಲುದಾರಿಕೆ ಪತ್ರ. ಇವನ್ನು ಅರ್ಜಿಯ ವರ್ಷದಲ್ಲಿ ಹಿಂದಿನ ದಿನಾಂಕ ಹಾಕಿ ಸೃಷ್ಟಿಸಲು ಹೊರಡುವುದು ಅಪರಾಧ ಮಾತ್ರವಲ್ಲ, ದಡ್ಡತನ. ಪರಿಶೀಲನೆಯಲ್ಲಿ ಸಿಕ್ಕಿಬಿದ್ದರೆ ದೊರೆತ ಸೀಟೂ ಕೈತಪ್ಪುತ್ತದೆ. ಮಗನೋ ಮಗಳೋ ಕೆಲಸಕ್ಕೆ ಬಂದ ತಿಂಗಳಿನಿಂದಲೇ ಸಂಬಳವನ್ನು ಖಾತೆಗೆ ಜಮಾ ಮಾಡುವುದೊಂದೇ ಸರಿದಾರಿ.

ಶಿಫಾರಸು ಪತ್ರವನ್ನು ತಂದೆಯೋ ಚಿಕ್ಕಪ್ಪನೋ ಬರೆದರೆ ಅದಕ್ಕೆ ಬೆಲೆಯಿಲ್ಲ. ಹಲವು ವರ್ಷ ವ್ಯವಹರಿಸಿದ ದೊಡ್ಡ ಗಿರಾಕಿಯ ಖರೀದಿ ಅಧಿಕಾರಿ, ಲೆಕ್ಕ ಪರಿಶೋಧಕರು, ಕಚ್ಚಾಮಾಲು ಪೂರೈಸುವವರು ಇವರಲ್ಲಿ ಒಬ್ಬರನ್ನು ಕೇಳಬೇಕು, ಅವರಿಗೆ ಕನಿಷ್ಠ ಒಂದು ತಿಂಗಳ ಕಾಲಾವಕಾಶ ಕೊಡಬೇಕು. ಪ್ರಬಂಧದಲ್ಲಿ 'ತಂದೆಯವರ ಉದ್ದಿಮೆಯನ್ನು ಬೆಳೆಸಿದೆ' ಎಂದು ಬರೆಯುವುದರಿಂದ ಏನೂ ತಿಳಿಯದು. ಬಾಕಿ ಬರಲು ಮೊದಲು ಎಷ್ಟು ದಿನ ಹಿಡಿಯುತ್ತಿತ್ತು, ಈಗೆಷ್ಟು, ನಡುವೆ ತಾನು ಮಾಡಿದ್ದೇನು, ಅದರಲ್ಲಿ ತಪ್ಪಿದ್ದೆಲ್ಲಿ ಎಂಬುದನ್ನು ಲೆಕ್ಕಪುಸ್ತಕದ ಅಂಕಿಗಳೊಡನೆ ಹೇಳಬೇಕು. ಸಂದರ್ಶನದಲ್ಲಿಯೂ ಪ್ರಶ್ನೆಗಳು ಇಲ್ಲಿಂದಲೇ ಹುಟ್ಟುತ್ತವೆ. ಸಿದ್ಧವಾಗಿ ಕೂತ ಗದ್ದುಗೆ ಇರುವಾಗ ಓದೇಕೆ ಎಂದು ಕೇಳಿದರೆ ತಡವರಿಸುವಂತಿರಬಾರದು.

ನೌಕರನೊಬ್ಬ ಅರ್ಜಿ ಹಾಕುವಾಗಲೂ ಮಾಲೀಕರ ಪಾತ್ರವಿದೆ. ಆತ ಬಿಟ್ಟುಹೋಗುತ್ತಾನೆಂಬ ಭಯದಿಂದ ಪತ್ರ ನಿರಾಕರಿಸಿದರೆ ಆತ ಬೇರೆಡೆ ಹೋಗಿ ಅಲ್ಲಿಂದ ಅರ್ಜಿ ಹಾಕುತ್ತಾನೆ. ವಾರಾಂತ್ಯದ ಶಿಕ್ಷಣಕ್ಕೆ ಸಮ್ಮತಿಸಿ, ಶುಲ್ಕದಲ್ಲಿ ಒಂದು ಪಾಲು ಹೊತ್ತು, ಇಂತಿಷ್ಟು ಕಾಲ ಸೇವೆಯಲ್ಲಿರುವ ಲಿಖಿತ ಒಪ್ಪಂದ ಮಾಡಿಕೊಳ್ಳುವುದು ಇಬ್ಬರಿಗೂ ಹಿತ. ಮಾಲೀಕರ ಮಕ್ಕಳ ಶುಲ್ಕವನ್ನು ಸಂಸ್ಥೆಯ ಖರ್ಚಿಗೆ ಹಾಕುವಾಗ ಮಾತ್ರ ಎಚ್ಚರ ಬೇಕು. ಅದು ವ್ಯವಹಾರಕ್ಕಾಗಿ ಮಾಡಿದ ವೆಚ್ಚವೆಂದು ತೋರಿಸಲಾಗದಿದ್ದರೆ ತೆರಿಗೆ ಅಧಿಕಾರಿಗಳು ತಳ್ಳಿಹಾಕಬಹುದು. ಶಿಕ್ಷಣ ಸಾಲ ಪಡೆದರೆ ಅದರ ಬಡ್ಡಿಗೆ ಎಂಟು ವರ್ಷಗಳವರೆಗೆ ಕಡಿತ ದೊರೆಯುತ್ತದೆ, ಆದರೆ ಹಳೆಯ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೆ ಮಾತ್ರ. ಸಾಲಪತ್ರಕ್ಕೆ ಸಹಿ ಹಾಕುವ ಮುನ್ನ ಲೆಕ್ಕ ಪರಿಶೋಧಕರೊಡನೆ ಕುಳಿತು ಎರಡೂ ಪದ್ಧತಿಗಳ ಲೆಕ್ಕ ಹಾಕಿಸಿಕೊಳ್ಳತಕ್ಕದ್ದು.